ಮುತ್ಯಾನ ಕೈ ಯಾಕೆ ನಡುಗುತ್ತದೆ?

ಮಕ್ಕಳೇ, ಶಾಲೆಯಿಂದ ಮನೆಗೆ ಬಂದ ಕೂಡಲೇ ನೀವು ಮೊದಲು ನೋಡುವುದು ಯಾರ ಮುಖವನ್ನು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಬಹಳಷ್ಟು ಮಕ್ಕಳ ಉತ್ತರ ಒಂದೇ: ಮುತ್ಯಾ, ಇಲ್ಲವೇ ಆಯಿ. ಸುಗ್ಗಿ ಮುಗಿದ ಮೇಲೆ ಎಷ್ಟೋ ಮನೆಗಳ ಅಪ್ಪ ಅವ್ವ ದುಡಿಯಲು ಗೋವಾಕ್ಕೋ, ಪುಣೆಗೋ, ಬೆಂಗಳೂರಿಗೋ ಹೋಗಿರುತ್ತಾರೆ. ಮನೆಯಲ್ಲಿ ಉಳಿಯುವವರು ಮಕ್ಕಳು ಮತ್ತು ಹಿರಿಯರು. ಹಾಗಾಗಿ ಹಿರಿಯರಲ್ಲಿ ಏನಾದರೂ ಬದಲಾದರೆ ಅದು ಮೊದಲು ಕಾಣುವುದು ನಿಮ್ಮ ಕಣ್ಣಿಗೆ.

ಒಂದು ದಿನ ಹೀಗೆ ಕಾಣಬಹುದು. ಮುತ್ಯಾ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಾನೆ. ತೊಡೆಯ ಮೇಲಿಟ್ಟ ಬಲಗೈ ತನ್ನಷ್ಟಕ್ಕೆ ತಾನೇ ನಡುಗುತ್ತಿದೆ. ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿವೆ. ನೀರಿನ ತಂಬಿಗೆಗೆ ಕೈ ಚಾಚಿದರೆ ನಡುಕ ಕಡಿಮೆಯಾಗುತ್ತದೆ. ನಿದ್ದೆ ಹತ್ತಿದರೆ ನಿಂತೇ ಹೋಗುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ ದೊಡ್ಡವರು ಹೇಳುತ್ತಾರೆ: "ವಯಸ್ಸಾತು, ಕೈ ನಡಗತಾವ, ಏನ್ ಮಾಡೂದು?"

ಈ ಮಾತು ನಿಜವೇ? ವಯಸ್ಸಾದವರೆಲ್ಲರ ಕೈ ನಡುಗುವುದಿಲ್ಲ. ಎಂಬತ್ತು ದಾಟಿದ ಮೇಲೂ ಸೂಜಿಗೆ ದಾರ ಪೋಣಿಸುವ ಆಯಿಯರು ನಿಮ್ಮ ಓಣಿಯಲ್ಲೇ ಇರುತ್ತಾರೆ. ಹಾಗಾದರೆ ಈ ನಡುಕಕ್ಕೆ ಬೇರೆ ಕಾರಣ ಇರಬೇಕು. ಅಂಥ ಕಾರಣಗಳಲ್ಲಿ ಒಂದರ ಹೆಸರು ಪಾರ್ಕಿನ್ಸನ್ ಕಾಯಿಲೆ. ನಮ್ಮ ಆಯುರ್ವೇದ ವೈದ್ಯರು ಬಹಳ ಹಿಂದಿನಿಂದಲೂ ಇಂಥ ನಡುಕವನ್ನು ಕಂಪವಾತ ಎಂದು ಕರೆಯುತ್ತ ಬಂದಿದ್ದಾರೆ.

ಬೀದಿಯಲ್ಲಿ ನಿಂತು ನೋಡಿದ ವೈದ್ಯ

ಲಂಡನ್ನಿನಲ್ಲಿ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯನಿದ್ದ. ಹುಟ್ಟಿದ್ದು 1755ರ ಏಪ್ರಿಲ್ 11ರಂದು. ಅವನಿಗೆ ಕಲ್ಲಾಗಿ ಹೋದ ಹಳೆಯ ಕಾಲದ ಜೀವಿಗಳ ಗುರುತು, ಅಂದರೆ ಪಳೆಯುಳಿಕೆಗಳನ್ನು ಹುಡುಕುವ ಹುಚ್ಚು ಇತ್ತು. ಚಿಕ್ಕ ಚಿಕ್ಕ ಗುರುತುಗಳನ್ನು ಬಿಡದೆ ನೋಡುವುದು ಅವನಿಗೆ ಅಭ್ಯಾಸವಾಗಿತ್ತು. ಅದೇ ಕಣ್ಣಿನಿಂದ ಅವನು ಮನುಷ್ಯರನ್ನೂ ನೋಡಿದ.

ಕೈ ನಡುಗುವ, ಮುಂದಕ್ಕೆ ಬಾಗಿ ಚಿಕ್ಕ ಚಿಕ್ಕ ಹೆಜ್ಜೆ ಇಡುವ ಆರು ಜನರನ್ನು ಗಮನಿಸಿ 1817ರಲ್ಲಿ ಅವನೊಂದು ಸಣ್ಣ ಪುಸ್ತಕ ಬರೆದ. ಅದು ಬರೀ 66 ಪುಟದ್ದು. ಆ ಆರು ಜನರಲ್ಲಿ ಇಬ್ಬರು ದಾರಿಯಲ್ಲಿ ಎದುರಾದವರು, ಇನ್ನೊಬ್ಬನನ್ನು ಅವನು ದೂರದಿಂದ ಮಾತ್ರ ಕಂಡಿದ್ದ! ಅವನ ಬಳಿ ಮೆದುಳಿನ ಚಿತ್ರ ತೆಗೆಯುವ ಯಂತ್ರ ಇರಲಿಲ್ಲ, ರಕ್ತ ಪರೀಕ್ಷೆಯೂ ಇರಲಿಲ್ಲ. ಇದ್ದದ್ದು ನೋಡುವ ತಾಳ್ಮೆ ಮಾತ್ರ. ಮುಂದೆ ಪ್ಯಾರಿಸ್ಸಿನ ದೊಡ್ಡ ವೈದ್ಯ ಶಾರ್ಕೊ ಈ ಕಾಯಿಲೆಗೆ ಪಾರ್ಕಿನ್ಸನ್ನನ ಹೆಸರನ್ನೇ ಇಟ್ಟ. ಇವತ್ತಿಗೂ ವೈದ್ಯರು ಈ ಕಾಯಿಲೆಯನ್ನು ಗುರುತಿಸುವುದು ಬಹುಪಾಲು ಕಣ್ಣಿನಿಂದಲೇ. ರೋಗಿಯನ್ನು ನಡೆಸಿ ನೋಡುತ್ತಾರೆ, ಬೆರಳು ಬಡಿಸಿ ನೋಡುತ್ತಾರೆ, ಬರೆಸಿ ನೋಡುತ್ತಾರೆ.

ಮೆದುಳಿನೊಳಗಿನ ಕಪ್ಪು ಪಟ್ಟಿ

ನಡುಗುವುದು ಕೈ. ಆದರೆ ಕಾಯಿಲೆ ಇರುವುದು ಕೈಯಲ್ಲಲ್ಲ, ಮೆದುಳಿನಲ್ಲಿ. ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಮೆದುಳಿನ ಬುಡದಲ್ಲಿ, ನಡುಮೆದುಳು ಎಂಬ ಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಸಣ್ಣ ಕಪ್ಪು ಪಟ್ಟಿ ಇದೆ. ಅದರ ಹೆಸರು ಸಬ್‌ಸ್ಟಾನ್ಷಿಯಾ ನೈಗ್ರಾ. ಅಲ್ಲಿರುವ ನರಕೋಶಗಳು ಕೆಲವು ಲಕ್ಷ ಮಾತ್ರ. ಅವು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸಿ ಮೆದುಳಿನ ಇನ್ನೊಂದು ಭಾಗಕ್ಕೆ ಕಳಿಸುತ್ತವೆ. ನಾವು ನಡೆಯುವಾಗ, ಗುಂಡಿ ಹಾಕುವಾಗ, ನಗುವಾಗ ಚಲನೆ ಸರಾಗವಾಗಿ ಆಗಲು ಈ ಡೋಪಮಿನ್ ಬೇಕೇ ಬೇಕು.

ಆಲಮಟ್ಟಿಯ ಕಾಲುವೆ ನಿಮಗೆ ಗೊತ್ತಿದೆಯಲ್ಲ? ಕಾಲುವೆಗೆ ಬಿಡುವ ನೀರು ಸ್ವಲ್ಪ ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಬಹಳ ಕಡಿಮೆಯಾದ ದಿನ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ, ಪೈರು ಬಾಡುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಆಗುವುದೂ ಹೀಗೆಯೇ. ಕಪ್ಪು ಪಟ್ಟಿಯ ನರಕೋಶಗಳು ವರ್ಷಗಟ್ಟಲೆ ಒಂದೊಂದಾಗಿ ಸಾಯುತ್ತ ಹೋಗುತ್ತವೆ. ಉಳಿದವು ಹೇಗೋ ಸಂಭಾಳಿಸುತ್ತವೆ. ಸುಮಾರು ಅರ್ಧದಷ್ಟು ಹೋದ ಮೇಲಷ್ಟೇ ಕೈ ನಡುಕ, ನಿಧಾನ ನಡಿಗೆ ಹೊರಗೆ ಕಾಣತೊಡಗುತ್ತವೆ.

ಕಾಯಿಲೆ ಬಂದವರ ಮೆದುಳಿನಲ್ಲಿ ಈ ಪಟ್ಟಿಯ ಕಪ್ಪು ಬಣ್ಣ ಮಾಸಿರುತ್ತದೆ. ನಿಜವಾದ ಮೆದುಳು ಹೇಗಿರುತ್ತದೆ ಎಂದು ನೋಡುವ ಆಸೆ ನಿಮಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಅದಕ್ಕಾಗಿಯೇ ಒಂದು ಸಂಗ್ರಹಾಲಯವಿದೆ. ಸತ್ತ ಮೇಲೆ ತಮ್ಮ ಮೆದುಳನ್ನು ವಿಜ್ಞಾನಕ್ಕೆ ಕೊಟ್ಟ ದೊಡ್ಡ ಮನಸ್ಸಿನವರಿಂದಾಗಿ ಅಲ್ಲಿ 1995ರಿಂದ ಮೆದುಳಿನ ಬ್ಯಾಂಕ್ ನಡೆಯುತ್ತಿದೆ. ಶಾಲೆಯ ಪ್ರವಾಸ ಬೆಂಗಳೂರಿಗೆ ಹೊರಟರೆ ಗುರುಗಳಿಗೆ ಇದನ್ನು ನೆನಪಿಸಿ.

ಸರ್ಪಗಂಧಿ, ನಸುಗುನ್ನಿ ಮತ್ತು ಮೊಲಗಳು

ಡೋಪಮಿನ್ನಿನ ಕತೆಯಲ್ಲಿ ನಮ್ಮ ನಾಡಿನ ಎರಡು ಗಿಡಗಳು ಬರುತ್ತವೆ.

ಮೊದಲನೆಯದು ಸರ್ಪಗಂಧಿ. ಇದರ ಬೇರಿನಿಂದ ತೆಗೆದ ರೆಸರ್ಪಿನ್ ಎಂಬ ಔಷಧವನ್ನು ರಕ್ತದೊತ್ತಡ ಇಳಿಸಲು ಕೊಡುತ್ತಿದ್ದರು. 1957ರಲ್ಲಿ ಸ್ವೀಡನ್ನಿನ ವಿಜ್ಞಾನಿ ಅರ್ವಿದ್ ಕಾರ್ಲ್‌ಸನ್ ಇದನ್ನು ಮೊಲಗಳಿಗೆ ಕೊಟ್ಟರು. ಮೊಲಗಳು ಕಿವಿ ಇಳಿಬಿಟ್ಟು, ಅಲುಗಾಡದೆ ಕೂತುಬಿಟ್ಟವು. ಆಮೇಲೆ ಅವಕ್ಕೆ ಎಲ್-ಡೋಪಾ ಎಂಬ ಇನ್ನೊಂದು ಪದಾರ್ಥ ಕೊಟ್ಟರು. ಸ್ವಲ್ಪ ಹೊತ್ತಿಗೆ ಮೊಲಗಳು ಕಿವಿ ನಿಮಿರಿಸಿ ಮತ್ತೆ ಓಡಾಡತೊಡಗಿದವು! ಎಲ್-ಡೋಪಾ ಮೆದುಳಿಗೆ ಹೋಗಿ ಡೋಪಮಿನ್ ಆಗಿ ಬದಲಾಗಿತ್ತು. ರೆಸರ್ಪಿನ್ ಬರಿದು ಮಾಡಿದ್ದನ್ನು ಅದು ತುಂಬಿಕೊಟ್ಟಿತ್ತು. ಡೋಪಮಿನ್ ಇಲ್ಲದೆ ದೇಹ ಸರಿಯಾಗಿ ಚಲಿಸದು ಎಂಬುದು ಹೀಗೆ ತಿಳಿಯಿತು. 1960ರಲ್ಲಿ ವಿಯೆನ್ನಾದ ವಿಜ್ಞಾನಿ ಹಾರ್ನಿಕೀವಿಚ್, ಪಾರ್ಕಿನ್ಸನ್ ಬಂದು ತೀರಿಹೋದವರ ಮೆದುಳಿನಲ್ಲಿ ಡೋಪಮಿನ್ ಬಹಳ ಕಡಿಮೆ ಇರುವುದನ್ನು ಕಂಡುಹಿಡಿದರು. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಎರಡನೆಯ ಗಿಡ ನಿಮಗೆ ಗೊತ್ತಿರಬಹುದು. ಬೇಲಿಯಲ್ಲಿ ಹಬ್ಬುವ ನಸುಗುನ್ನಿ ಬಳ್ಳಿ. ಅದರ ಕಾಯಿಯ ಮೇಲಿನ ರೋಮ ಮೈಗೆ ತಾಕಿದರೆ ತುರಿಸಿ ತುರಿಸಿ ಸಾಕಾಗುತ್ತದೆ. ಆ ಕಾಯಿಯೊಳಗಿನ ಬೀಜದಲ್ಲಿ ಎಲ್-ಡೋಪಾ ಇದೆ! ಇದನ್ನು ಬೇರ್ಪಡಿಸಿ ತೋರಿಸಿದವರು ಭಾರತದವರೇ. 1937ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಈ ಕೆಲಸ ಮಾಡಿದರು. ಆಗ ಅದು ಪಾರ್ಕಿನ್ಸನ್ನಿಗೆ ಔಷಧವಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಡೋಪಮಿನ್ ಕಡಿಮೆಯಾಗಿದ್ದರೆ ಡೋಪಮಿನ್ನನ್ನೇ ಗುಳಿಗೆ ಮಾಡಿ ಕೊಡಬಾರದೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ರಕ್ತದಲ್ಲಿರುವ ಎಲ್ಲವನ್ನೂ ಮೆದುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಡೋಪಮಿನ್ನಿಗೆ ಅಲ್ಲಿ ಪ್ರವೇಶವಿಲ್ಲ, ಎಲ್-ಡೋಪಾಕ್ಕೆ ಇದೆ. ಅದಕ್ಕೇ ಇವತ್ತಿಗೂ ಪಾರ್ಕಿನ್ಸನ್ನಿನ ಮುಖ್ಯ ಔಷಧ ಎಲ್-ಡೋಪಾ. ವೈದ್ಯರು ಅದನ್ನು ಲೆವೊಡೋಪಾ ಎನ್ನುತ್ತಾರೆ. ಅದು ದಾರಿಯಲ್ಲೇ ಬದಲಾಗಿ ಹಾಳಾಗದಿರಲಿ, ವಾಕರಿಕೆ ಬರದಿರಲಿ ಎಂದು ಕಾರ್ಬಿಡೋಪಾ ಎಂಬ ಇನ್ನೊಂದು ಔಷಧವನ್ನು ಅದರ ಜೊತೆಗೇ ಸೇರಿಸಿರುತ್ತಾರೆ.

ಒಂದು ಎಚ್ಚರಿಕೆ: ಬೀಜದಲ್ಲಿ ಔಷಧವಿದೆ ಎಂದು ಯಾರೂ ನಸುಗುನ್ನಿ ಬೀಜ ತಿನ್ನಬಾರದು, ತಿನ್ನಿಸಲೂಬಾರದು. ಒಂದು ಬೀಜದಲ್ಲಿ ಎಷ್ಟು ಔಷಧವಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಹೆಚ್ಚಾದರೆ ಅಪಾಯ.

ನಡುಕ ಒಂದೇ ಅಲ್ಲ

ಪಾರ್ಕಿನ್ಸನ್ ಎಂದರೆ ಬರೀ ನಡುಕ ಎಂದುಕೊಂಡಿದ್ದರೆ ಅದು ತಪ್ಪು. ಕೆಲವರಿಗೆ ನಡುಕ ಬರುವುದೇ ಇಲ್ಲ. ಈ ಕಾಯಿಲೆಯ ಮುಖ್ಯ ಗುಣ ನಿಧಾನ. ಆಯಿ ಮೊದಲು ಪಟಪಟನೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಈಗ ನಾಲ್ಕು ಸಲ ಬಡಿಯುವಷ್ಟರಲ್ಲಿ ಕೈ ನಿಧಾನವಾಗುತ್ತದೆ, ಬಡಿತ ಸಣ್ಣದಾಗುತ್ತದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ನೋಡಿ, ಮುತ್ಯಾನ ಒಂದು ಕೈ ಹಿಂದೆ ಮುಂದೆ ಬೀಸುತ್ತದೆ, ಇನ್ನೊಂದು ಮೈಗೆ ಅಂಟಿಕೊಂಡೇ ಇರುತ್ತದೆ. ಏಕೆಂದರೆ ಈ ಕಾಯಿಲೆ ಸಾಮಾನ್ಯವಾಗಿ ದೇಹದ ಒಂದು ಬದಿಯಿಂದ ಶುರುವಾಗುತ್ತದೆ. ಸಹಿ ಮಾಡಲು ಹೋದರೆ ಅಕ್ಷರಗಳು ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಣ್ಣ ಆಗುತ್ತ ಹೋಗುತ್ತವೆ. ದನಿ ಇಳಿಯುತ್ತದೆ. ಮುಖದ ಸ್ನಾಯುಗಳೂ ಬಿಗಿಯುವುದರಿಂದ ನಗು ಮುಖದ ಮೇಲೆ ಬರುವುದಿಲ್ಲ. ಮುತ್ಯಾನಿಗೆ ನನ್ನ ಮೇಲೆ ಸಿಟ್ಟು ಎಂದು ನೀವು ಬೇಸರ ಮಾಡಿಕೊಳ್ಳಬಹುದು. ಸಿಟ್ಟಲ್ಲ ಮಕ್ಕಳೇ, ಒಳಗೆ ಅವನಿಗೆ ನಿಮ್ಮ ಮೇಲೆ ಅಷ್ಟೇ ಪ್ರೀತಿ ಇದೆ.

ಇವೆಲ್ಲಕ್ಕಿಂತ ಎಷ್ಟೋ ವರ್ಷ ಮೊದಲೇ ಕೆಲವರಿಗೆ ವಾಸನೆ ತಿಳಿಯುವುದು ಕಡಿಮೆಯಾಗುತ್ತದೆ. ಇಂಡಿಯ ನಿಂಬೆಹಣ್ಣನ್ನು ಮೂಗಿನ ಬಳಿ ಹಿಡಿದರೂ ಘಮ ಗೊತ್ತಾಗುವುದಿಲ್ಲ. ಮಲಬದ್ಧತೆ ಇರುತ್ತದೆ. ಕನಸಿನಲ್ಲಿ ಕೂಗುವುದು, ಒದೆಯುವುದು ಇರುತ್ತದೆ. ನೆಗಡಿ ಬಂದಾಗಲೂ ವಾಸನೆ ಹೋಗುತ್ತದೆ, ಆದ್ದರಿಂದ ಇದೊಂದರಿಂದಲೇ ಕಾಯಿಲೆ ಎಂದು ಹೇಳಲಾಗದು.

ವಾಸನೆಯ ಬಗ್ಗೆ ಒಂದು ಅಚ್ಚರಿಯ ಸಂಗತಿ ಇದೆ. ಸ್ಕಾಟ್ಲೆಂಡಿನಲ್ಲಿ ನರ್ಸ್ ಆಗಿದ್ದ ಜಾಯ್ ಮಿಲ್ನ್ ಎಂಬ ಮಹಿಳೆಗೆ ತನ್ನ ಗಂಡನ ಮೈವಾಸನೆ ಬದಲಾದದ್ದು ತಿಳಿಯಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ ಆ ಗಂಡನಿಗೆ ಪಾರ್ಕಿನ್ಸನ್ ಇರುವುದು ಗೊತ್ತಾಯಿತು. ವಿಜ್ಞಾನಿಗಳು ಆಕೆಗೆ ಹನ್ನೆರಡು ಜನ ತೊಟ್ಟ ಅಂಗಿಗಳನ್ನು ಕೊಟ್ಟು ಪರೀಕ್ಷಿಸಿದರು. ಆರು ರೋಗಿಗಳ ಅಂಗಿ, ಆರು ಆರೋಗ್ಯವಂತರದು. ರೋಗಿಗಳ ಆರೂ ಅಂಗಿಗಳನ್ನು ಆಕೆ ಗುರುತಿಸಿದರು. ಆರೋಗ್ಯವಂತರ ಒಂದು ಅಂಗಿಯನ್ನೂ ರೋಗಿಯದೆಂದರು. ತಪ್ಪಾಯಿತು ಎಂದು ಎಲ್ಲರೂ ಅಂದುಕೊಂಡರು. ಕೆಲವು ತಿಂಗಳ ನಂತರ ಆ ವ್ಯಕ್ತಿಗೂ ಪಾರ್ಕಿನ್ಸನ್ ಇರುವುದು ಪತ್ತೆಯಾಯಿತು! ಈಗ ವಿಜ್ಞಾನಿಗಳು ಚರ್ಮದ ಜಿಡ್ಡಿನಲ್ಲಿರುವ ಆ ವಾಸನೆಯ ಪದಾರ್ಥಗಳನ್ನು ಹಿಡಿದು, ಕಾಯಿಲೆಯನ್ನು ಬೇಗ ಪತ್ತೆ ಮಾಡುವ ದಾರಿ ಹುಡುಕುತ್ತಿದ್ದಾರೆ.

ಕೈ ನಡುಗಿದವರೆಲ್ಲ ಪಾರ್ಕಿನ್ಸನ್ ರೋಗಿಗಳಲ್ಲ ಎಂಬುದೂ ನೆನಪಿರಲಿ. ಚಹಾದ ಕಪ್ಪು ಎತ್ತುವಾಗ ಮಾತ್ರ ಕೈ ನಡುಗಿದರೆ ಅದು ಬೇರೆ ತರಹದ ನಡುಕ ಇರಬಹುದು. ಥೈರಾಯ್ಡ್ ತೊಂದರೆಯಿಂದ, ಕೆಲವು ಔಷಧಗಳಿಂದಲೂ ಕೈ ನಡುಗುತ್ತದೆ. ಲಕ್ವಾ ಹೊಡೆಯುವುದೂ ಬೇರೆ. ಲಕ್ವಾ ಒಮ್ಮೆಲೇ ಬರುತ್ತದೆ, ಕೂಡಲೇ ಆಸ್ಪತ್ರೆಗೆ ಓಡಬೇಕು. ಪಾರ್ಕಿನ್ಸನ್ ಬಹಳ ನಿಧಾನವಾಗಿ ಬರುತ್ತದೆ. ಯಾವುದು ಏನು ಎಂದು ಹೇಳಬೇಕಾದವರು ವೈದ್ಯರು. ಕಂಡದ್ದನ್ನು ಹೇಳುವುದು ನಿಮ್ಮ ಕೆಲಸ.

ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇತ್ತು. ಹೆಚ್ಚಾಗಿ ಬರುವುದು ಅರವತ್ತರ ಆಸುಪಾಸಿನವರಿಗೆ. ಅಪರೂಪಕ್ಕೆ ಚಿಕ್ಕ ವಯಸ್ಸಿನಲ್ಲೂ ಬರುತ್ತದೆ. ನಿಮ್ಹಾನ್ಸ್‌ನ ವೈದ್ಯರು ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿದ್ದರು. ಲಕ್ಷಕ್ಕೆ ಸುಮಾರು 33 ಜನರಲ್ಲಿ ಪಾರ್ಕಿನ್ಸನ್ ತರಹದ ಲಕ್ಷಣ ಕಂಡಿತು. ಇದೇ ಪ್ರಮಾಣದಲ್ಲಿ ನಾಲ್ಕು ಲಕ್ಷ ಜನರಿರುವ ಒಂದು ತಾಲ್ಲೂಕಿಗೆ ಎಷ್ಟಾಗುತ್ತದೆ, ಲೆಕ್ಕ ಹಾಕಿ. 132! ಅವರಲ್ಲಿ ಎಷ್ಟು ಜನರಿಗೆ ತಮ್ಮ ಕಾಯಿಲೆಯ ಹೆಸರು ಗೊತ್ತಿದ್ದೀತು? ಎಷ್ಟು ಜನ "ವಯಸ್ಸಾತು" ಎಂದು ಮೂಲೆಯಲ್ಲಿ ಕೂತಿದ್ದಾರು?

ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮುತ್ಯಾನ ಕೈ ಹಿಡಿಯಿರಿ, ಒಂದೇ ಗಂಗಾಳದಲ್ಲಿ ಉಣ್ಣಿರಿ, ಏನೂ ಆಗುವುದಿಲ್ಲ. ಬಹುಪಾಲು ಜನರಲ್ಲಿ ಇದು ವಂಶದಿಂದ ಬಂದದ್ದೂ ಅಲ್ಲ. ದೆವ್ವ, ಗಾಳಿ, ಮಾಟ ಯಾವುದೂ ಇದಕ್ಕೆ ಕಾರಣವಲ್ಲ. ಯಾರದೋ ಪಾಪದ ಫಲವಂತೂ ಖಂಡಿತ ಅಲ್ಲ.

ನರಕೋಶಗಳು ಸಾಯಲು ವಯಸ್ಸು, ಕೆಲವು ಜೀನುಗಳು, ಸುತ್ತಲಿನ ವಿಷ ಎಲ್ಲ ಸೇರಿ ಕಾರಣವಾಗುತ್ತವೆ. ಅದರಲ್ಲಿ ರೈತರ ಮಕ್ಕಳಾದ ನೀವು ತಿಳಿಯಬೇಕಾದ ಒಂದು ಮಾತಿದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕದ ಜೊತೆ ಹೆಚ್ಚು ಒಡನಾಟ ಇದ್ದವರಲ್ಲಿ ಪಾರ್ಕಿನ್ಸನ್ ಹೆಚ್ಚು ಎಂದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಯುರೋಪಿಯನ್ ಒಕ್ಕೂಟದಲ್ಲಿ 2007ರಿಂದ ಅದರ ಬಳಕೆ ಇಲ್ಲ. ದ್ರಾಕ್ಷಿ, ತೊಗರಿ, ಹತ್ತಿಗೆ ಎಣ್ಣಿ ಹೊಡೆಯುವ ದಿನ ನೀವು ಹೊಲದಿಂದ ದೂರ ಇರಿ. ಹೊಡೆಯುವವರು ಕೈಗವಸು, ಮುಖಗವಸು, ಮೈತುಂಬ ಬಟ್ಟೆ ಹಾಕಿಕೊಳ್ಳುವಂತೆ ಹಟ ಮಾಡಿ. ಖಾಲಿ ಡಬ್ಬಿಯಲ್ಲಿ ನೀರು ತುಂಬಿಡಲು ಯಾರಿಗೂ ಬಿಡಬೇಡಿ.

ನಡೆಯಲಾರದವನು ಸೈಕಲ್ ತುಳಿದ

ನೆದರ್ಲೆಂಡ್ಸ್ ದೇಶದಲ್ಲಿ 58 ವರ್ಷದ ಒಬ್ಬ ರೋಗಿ ಇದ್ದ. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕಾಲು ಕಟ್ಟಿಹೋಗಿ ಬೀಳುತ್ತಿದ್ದ. ಆದರೆ ಸೈಕಲ್ ಹತ್ತಿಸಿದರೆ ಸರಾಗವಾಗಿ ತುಳಿದುಕೊಂಡು ಹೋಗುತ್ತಿದ್ದ, ತಿರುಗಿಸಿಕೊಂಡು ಬರುತ್ತಿದ್ದ! ವೈದ್ಯರು 2010ರಲ್ಲಿ ಇದನ್ನು ಪ್ರಕಟಿಸಿದಾಗ ಜಗತ್ತೇ ಬೆರಗಾಯಿತು. ಪೆಡಲಿನ ಲಯ ಅವನ ಕಾಲಿಗೆ ದಾರಿ ತೋರಿಸುತ್ತಿತ್ತು ಎಂದು ಅವರು ಊಹಿಸಿದರು.

ಪಾರ್ಕಿನ್ಸನ್ ಇರುವ ಕೆಲವರಿಗೆ ಹೊಸ್ತಿಲ ಬಳಿ, ಇಕ್ಕಟ್ಟಿನ ಜಾಗದಲ್ಲಿ ಕಾಲು ಕೀಳಲು ಬರುವುದಿಲ್ಲ. ಆಗ ಹೊರಗಿನಿಂದ ಒಂದು ಗುರುತೋ ತಾಳವೋ ಸಿಕ್ಕರೆ ಹೆಜ್ಜೆ ಹೊರಡುತ್ತದೆ. ಇಲ್ಲಿ ನಿಮ್ಮ ಸಹಾಯ ಬೇಕು.

ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಒಂದೊಂದು ಹೆಜ್ಜೆಗೆ ಒಂದೊಂದು ಅಡ್ಡಗೆರೆ ಎಳೆಯಿರಿ. ಗೆರೆ ದಾಟುತ್ತ ನಡೆಯಲು ಹೇಳಿ.

ಚಪ್ಪಾಳೆ ತಟ್ಟಿ, ಇಲ್ಲವೇ "ಒಂದು, ಎರಡು" ಎಂದು ಎಣಿಸಿ. ಭಜನೆಯ ತಾಳ, ಹಲಗಿಯ ಸದ್ದು ಗೊತ್ತಿದ್ದರೆ ಇನ್ನೂ ಒಳ್ಳೆಯದು.

ಕೈ ಹಿಡಿದು ಎಳೆಯಬೇಡಿ, ಹಿಂದಿನಿಂದ ಕೂಗಿ ತಿರುಗಿಸಬೇಡಿ. ಬೀಳುವುದು ಹೆಚ್ಚಾಗಿ ತಿರುಗುವಾಗಲೇ. ದಾರಿಯಲ್ಲಿ ಹಗ್ಗ, ಚೀಲ, ಮಡಿಸಿದ ಚಾಪೆ ಇದ್ದರೆ ತೆಗೆದಿಡಿ. ರಾತ್ರಿ ಒಂದು ದೀಪ ಉರಿಯಲಿ.

ದಿನಾ ಸಂಜೆ ಅವರಿಂದ ಗಟ್ಟಿಯಾಗಿ ಕತೆ ಹೇಳಿಸಿ, ಬಾಯಿಪಾಠ ಇರುವ ವಚನ ಹೇಳಿಸಿ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ ವಚನ ಬಾರದ ಹಿರಿಯರು ಸಿಗುವುದು ಕಷ್ಟ. ದೊಡ್ಡ ದನಿಯಲ್ಲಿ ಹೇಳುವುದು ಇಳಿದ ದನಿಗೆ ವ್ಯಾಯಾಮ.

ಗುಳಿಗೆಯ ಹೊತ್ತು ನೆನಪಿಸಿ. ಈ ಔಷಧವನ್ನು ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು, ಸಾಮಾನ್ಯವಾಗಿ ಊಟಕ್ಕೆ ಸ್ವಲ್ಪ ಮೊದಲು. ಒಮ್ಮೆಲೇ ನಿಲ್ಲಿಸಬಾರದು.

ಗುಂಡಿ ಹಾಕಲು, ಮಾತು ಮುಗಿಸಲು ಅವರಿಗೆ ಹೊತ್ತು ಬೇಕು. ಕಾಯಿರಿ. ಅಣಕಿಸಬೇಡಿ, ಅಣಕಿಸುವ ಗೆಳೆಯರನ್ನೂ ತಡೆಯಿರಿ. ಜಗತ್ತನ್ನು ಗೆದ್ದ ಬಾಕ್ಸರ್ ಮಹಮ್ಮದ್ ಅಲಿಯವರಿಗೆ 1984ರಲ್ಲಿ ಪಾರ್ಕಿನ್ಸನ್ ಪತ್ತೆಯಾಯಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನ ಜ್ಯೋತಿ ಹೊತ್ತಿಸಿದ್ದು ಅವರೇ. ನಡುಗುವ ಕೈಯನ್ನು ಅವರು ಮುಚ್ಚಿಡಲಿಲ್ಲ.

ಎಲ್ಲಿಗೆ ಹೋಗಬೇಕು?

ಈ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧ ಇನ್ನೂ ಸಿಕ್ಕಿಲ್ಲ. ಆದರೆ ಲೆವೊಡೋಪಾ ಮತ್ತು ದಿನದಿನದ ವ್ಯಾಯಾಮದಿಂದ ಎಷ್ಟೋ ವರ್ಷ ಚೆನ್ನಾಗಿ ಓಡಾಡಿಕೊಂಡು ಇರಬಹುದು. ಔಷಧ ಸಾಲದಾದ ಕೆಲವರಿಗೆ ಮೆದುಳಿನೊಳಗೆ ಸಣ್ಣ ತಂತಿ ಇಟ್ಟು ವಿದ್ಯುತ್ತಿನ ಮಿಡಿತ ಕೊಡುವ ಶಸ್ತ್ರಚಿಕಿತ್ಸೆಯೂ ಇದೆ. ಫ್ರಾನ್ಸಿನ ಬೆನಾಬಿದ್ ಎಂಬ ವೈದ್ಯರು 1987ರಲ್ಲಿ ಇದರ ದಾರಿ ತೋರಿಸಿದರು. ಬೆಂಗಳೂರಿನಲ್ಲೂ ಇದನ್ನು ಮಾಡುತ್ತಾರೆ.

ಮೊದಲು ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರ ಇಲ್ಲವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿಂದ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಶುರು ಮಾಡಿದೆ. ಜಿಲ್ಲಾ ಆಸ್ಪತ್ರೆಗಳಲ್ಲೇ ಮೆದುಳಿನ ಕಾಯಿಲೆಗಳಿಗೆ ಚಿಕಿತ್ಸೆ ಸಿಗಲಿ, ಹಳ್ಳಿಯವರು ಎಲ್ಲದಕ್ಕೂ ಬೆಂಗಳೂರಿಗೆ ಅಲೆಯದಿರಲಿ ಎಂಬುದು ಅದರ ಉದ್ದೇಶ.

ಜೇಮ್ಸ್ ಪಾರ್ಕಿನ್ಸನ್ ಹುಟ್ಟಿದ ಏಪ್ರಿಲ್ 11 ಈಗ ವಿಶ್ವ ಪಾರ್ಕಿನ್ಸನ್ ದಿನ. ಆಗ ನಿಮಗೆ ಬೇಸಿಗೆ ರಜೆ ಇರುತ್ತದೆ, ಮನೆಯಲ್ಲೇ ಇರುತ್ತೀರಿ. ಆ ದಿನ ನಿಮ್ಮ ಓಣಿಯ ಹಿರಿಯರ ಬಳಿ ಕೂತು ಈ ಕಾಯಿಲೆಯ ಬಗ್ಗೆ ಮಾತಾಡಿ. ಯಾರದಾದರೂ ಕೈ ನಡುಗುತ್ತಿದ್ದರೆ, ನಡಿಗೆ ನಿಧಾನವಾಗಿದ್ದರೆ, ದನಿ ಇಳಿದಿದ್ದರೆ ಊರಲ್ಲಿರುವ ದೊಡ್ಡವರಿಗೆ ಹೇಳಿ, ದೂರದಲ್ಲಿರುವ ಅಪ್ಪ ಅವ್ವನಿಗೆ ಫೋನ್ ಮಾಡಿ ತಿಳಿಸಿ. "ವಯಸ್ಸಾತು, ಏನ್ ಮಾಡೂದು?" ಎಂದು ಯಾರಾದರೂ ಕೇಳಿದರೆ ನಿಮ್ಮ ಉತ್ತರ ಸಿದ್ಧವಿರಲಿ: ಡಾಕ್ಟರಿಗೆ ತೋರಿಸೋಣ, ಇದಕ್ಕೆ ಔಷಧ ಇದೆ.